ಎಲ್ಲರಿಗೂ ಒಂದೇ ದನಿ ಕೊಟ್ಟ ಮೇಷ್ಟ್ರು

ಕಡೂರಿನಿಂದ ತರೀಕೆರೆಗೆ, ಅಲ್ಲಿಂದ ಅಜ್ಜಂಪುರಕ್ಕೆ ಬಸ್ಸಿನಲ್ಲಿ ಓಡಾಡುವವರು ಗಮನಿಸಿರಬಹುದು. ಡ್ರೈವರ್ ಹಾಕುವ ಪೆನ್‌ಡ್ರೈವಿನಲ್ಲಿ ಈ ಕಡೆಯ ಹೆಂಗಸರು ಹಾಡಿದ ಪದಗಳೆಲ್ಲ ಒಬ್ಬಳೇ ಹಾಡಿದ ಹಾಗಿರುತ್ತವೆ. ಪಂಚನಹಳ್ಳಿಯ ಸೋಬಾನೆ, ತರೀಕೆರೆಯ ಭಜನೆ, ಯಾವುದೋ ಊರಿನ ತತ್ವಪದ. ಹಾಡಿದವರಲ್ಲಿ ಮೊಮ್ಮಕ್ಕಳನ್ನು ಕಂಡವರಿದ್ದಾರೆ, ಈಗಷ್ಟೇ ಮದುವೆಯಾದವರಿದ್ದಾರೆ, ನಶ್ಯ ಏರಿಸಿ ಏರಿಸಿ ದನಿ ಒಡೆದವರಿದ್ದಾರೆ. ಸ್ಪೀಕರಿನಿಂದ ಬರುವವಳು ಮಾತ್ರ ಒಬ್ಬಳೇ. ಹರೆಯದವಳು, ತೆಳ್ಳನೆಯ ದನಿಯವಳು, ಎಲ್ಲಿಯೂ ಉಸಿರು ತೆಗೆದುಕೊಳ್ಳದವಳು. ಅಂಥ ಹೆಂಗಸು ಈ ಮೂರು ತಾಲ್ಲೂಕಿನಲ್ಲಿ ಇಲ್ಲ. ಅವಳನ್ನು ತಯಾರಿಸಿದ್ದು ಒಬ್ಬ ಗಂಡಸು.

ಆತನ ಹೆಸರು ಬರೆಯುವುದಿಲ್ಲ. ಗೊತ್ತಿರುವವರಿಗೆ ಬೇಕಿಲ್ಲ, ಗೊತ್ತಿಲ್ಲದವರಿಗೆ ಪರಿಚಯ ಮಾಡಿಕೊಡುವ ಉಮೇದು ನನಗಿಲ್ಲ. ಜನ ಸೌಂಡ್ ಮೇಷ್ಟ್ರು ಎನ್ನುತ್ತಿದ್ದರು. ಯಾವ ಶಾಲೆಯಲ್ಲೂ ಪಾಠ ಹೇಳಿದವನಲ್ಲ. ಕಡೂರಿನ ಬಸ್‌ಸ್ಟ್ಯಾಂಡಿನ ಎದುರು ಮಹಡಿಯ ಮೇಲೆ ರೆಕಾರ್ಡಿಂಗ್ ರೂಮು ಇಟ್ಟಿದ್ದ. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ತೀರಿಕೊಂಡ. ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕು ಎಂದು ಹೇಳುವವರು ಬಹಳ ಜನ ಇದ್ದಾರೆ. ಅವರು ಬರೆಯಲಿ.

ಆ ರೂಮಿನ ಗೋಡೆಗಳಿಗೆ ತೆಂಗಿನ ನಾರಿನ ಹಾಸಿಗೆ ಹೊಡೆಸಿತ್ತು. ಬೇರೆ ಕಡೆ ಸದ್ದು ಗುಂಯ್‌ಗುಡದಿರಲಿ ಎಂದು ಗೋಡೆಗೆ ಮೊಟ್ಟೆಯ ಟ್ರೇ ಬಡಿಯುತ್ತಾರೆ. ಈತನಿಗೆ ಮೊಟ್ಟೆಯ ಖಾಲಿ ಟ್ರೇ ಕೂಡ ಆಗುತ್ತಿರಲಿಲ್ಲ. ಹಣೆಯ ಮೇಲೆ ವಿಭೂತಿ, ಹೆಗಲ ಮೇಲೆ ಟವೆಲ್ಲು, ಕಾಲಲ್ಲಿ ಮಾತ್ರ ಬೆಲೆಬಾಳುವ ಬೂಟು. ಬಂದವರನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಊರು ಹಿಡಿದು ಕರೆಯುತ್ತಿದ್ದ. ನಾನು ಹೋದರೆ 'ಬಾರೋ ಅಜ್ಜಂಪುರ.' ಹಾಡುವ ಹೆಂಗಸರಿಗೂ ಅಷ್ಟೇ. 'ಏನಮ್ಮಾ ಪಂಚನಹಳ್ಳಿ, ಮೈಕ್ ನುಂಗ್ಬೇಡ, ದೂರ ನಿಂತ್ಕೊ.' ಇದು ಆತ್ಮೀಯತೆ ಎಂದು ಎಲ್ಲರೂ ತಿಳಿದಿದ್ದರು. ಹೆಸರು ನೆನಪಿಟ್ಟುಕೊಳ್ಳುವ ಅಗತ್ಯ ಆತನಿಗೆ ಕಂಡಿರಲಿಲ್ಲ ಎಂದು ನಾನು ತಿಳಿದಿದ್ದೇನೆ.

ಕಾಲೇಜು ಮುಗಿಸಿ ಕೆಲಸವಿಲ್ಲದೆ ಇದ್ದಾಗ ನಾನು ಆ ರೂಮಿನಲ್ಲಿ ಕೆಲವು ಕಾಲ ಕೂತಿದ್ದೆ. ಕಲಿತೆ ಎನ್ನಲಾರೆ. ಹೆಡ್‌ಫೋನ್ ಹಾಕಿಕೊಂಡು ಏನಾದರೂ ಕೇಳುತ್ತಿದ್ದರೆ ಆತ ಹಿಂದಿನಿಂದ ಬಂದು ತಲೆಯ ಮೇಲಿನಿಂದ ಅದನ್ನು ಎತ್ತಿಕೊಳ್ಳುತ್ತಿದ್ದ. ಅದರ ದಿಂಬನ್ನು ಟವೆಲ್ಲಿನಲ್ಲಿ ಒರೆಸಿ ತನ್ನ ಕಿವಿಗೆ ಇಟ್ಟುಕೊಂಡು, ನಮ್ಮ ಮುಖವನ್ನೇ ನೋಡುತ್ತ ಕೇಳುತ್ತಿದ್ದ. ಕಣ್ಣು ಮುಚ್ಚುತ್ತಿರಲಿಲ್ಲ, ತಲೆ ಆಡಿಸುತ್ತಿರಲಿಲ್ಲ.

'ನಿಂಗೆ ಕಿವಿ ಐತೇನೋ, ಬರೀ ತೂತೋ?'

ರೂಮಿನಲ್ಲಿದ್ದವರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆಮೇಲೆ ಹೆಡ್‌ಫೋನನ್ನು ಇನ್ನೊಮ್ಮೆ ಒರೆಸಿ ಕೊಡುತ್ತಿದ್ದ.

ಆತನಿಗೆ ಎಲ್ಲಕ್ಕಿಂತ ಅಸಹ್ಯವಾಗಿದ್ದದ್ದು ಹಾಡುವವರ ಉಸಿರು. ಸಾಲು ಮುಗಿದು ಇನ್ನೊಂದು ಸಾಲಿಗೆ ಹೋಗುವಾಗ ಯಾರೇ ಆದರೂ ಉಸಿರು ಎಳೆದುಕೊಳ್ಳುತ್ತಾರೆ. ಆತ ಕಂಪ್ಯೂಟರಿನ ಮುಂದೆ ಕೂತು, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ, ಒಂದೊಂದೇ ಉಸಿರನ್ನು ಆರಿಸಿ ತೆಗೆಯುತ್ತಿದ್ದ. 'ಉಸಿರು ಕೊಳೆ ಕಣೋ. ದೇವ್ರ ಪದದಲ್ಲಿ ಕೊಳೆ ಯಾಕೆ?' ಎನ್ನುತ್ತಿದ್ದ. ಅಥವಾ 'ಹಾಡಲ್ಲಿ ಕೊಳೆ ಯಾಕೆ' ಎಂದನೋ. ದೇವರು ಎಂಬ ಮಾತನ್ನು ಆಮೇಲೆ ನಾನು ಸೇರಿಸಿರಬಹುದು. ಸಿಟ್ಟಿನಲ್ಲಿ ನೆನಪಿಸಿಕೊಳ್ಳುವವನು ಎದುರಾಳಿಯ ಬಾಯಿಗೆ ಚೆನ್ನಾದ ಮಾತುಗಳನ್ನೇ ಹಾಕುತ್ತಾನೆ.

ಆತನನ್ನು ಹೊಗಳುವವರ ನೆನಪುಗಳ ಮೇಲೂ ನನಗೆ ಇಷ್ಟೇ ನಂಬಿಕೆ. ಒಂದು ಶಾಲೆಯ ವಾರ್ಷಿಕೋತ್ಸವದಲ್ಲಿ ಕರೆಂಟು ಹೋದಾಗ ಆತ ಯಾರದೋ ಕಾರಿನ ಬ್ಯಾಟರಿ ಬಿಚ್ಚಿ ಮೈಕು ನಡೆಸಿದ ಕಥೆ ಎಲ್ಲರಿಗೂ ಗೊತ್ತು. ಕಡೂರಿನವರು ಅದು ಕಡೂರಿನ ಶಾಲೆ ಎನ್ನುತ್ತಾರೆ, ತರೀಕೆರೆಯವರು ತರೀಕೆರೆಯದು ಎನ್ನುತ್ತಾರೆ. ಕಾರು ಒಮ್ಮೆ ಶಾಸಕರದು, ಒಮ್ಮೆ ಡಾಕ್ಟರದು. ನಡೆದದ್ದೇ ಇರಬಹುದು. ನಾನು ಅಲ್ಲಿರಲಿಲ್ಲ.

ನಾನು ಇದ್ದದ್ದು ಆಂಪಿನ ವಿಷಯದಲ್ಲಿ.

ದೊಡ್ಡ ಹೆಡ್‌ಫೋನುಗಳಿಗೆ ಲ್ಯಾಪ್‌ಟಾಪು ಕೊಡುವ ಶಕ್ತಿ ಸಾಲದು. ನಡುವೆ ಒಂದು ಸಣ್ಣ ಆಂಪ್ಲಿಫೈಯರ್ ಬೇಕು. ಜೇಬಿನಲ್ಲಿ ಹಿಡಿಯುವಂಥದ್ದು ಈಗ ಎಲ್ಲ ಕಡೆ ಸಿಗುತ್ತದೆ. ಅವು ಬರುವ ಮೊದಲೇ ಈತ ತಾನೇ ಒಂದನ್ನು ಜೋಡಿಸಿದ್ದ: ತಗಡಿನ ಪೆಟ್ಟಿಗೆ, ಒಳಗೆ ಬ್ಯಾಟರಿ, ಮೇಲೆ ಹಳೆಯ ರೇಡಿಯೋದ ಗುಂಡಿ. ಮದುವೆ ವಿಡಿಯೋ ಮಾಡುವವರು, ಭಜನೆ ರೆಕಾರ್ಡ್ ಮಾಡುವವರು, ಆಟೋದಲ್ಲಿ ಪ್ರಚಾರ ಮಾಡುವವರು, ಎಲ್ಲರ ಹತ್ತಿರವೂ ಆತನ ಪೆಟ್ಟಿಗೆಯೇ ಇತ್ತು. ಬೇರೆಯದನ್ನು ತಂದವನನ್ನು ಆತ ಕೂರಿಸಿ ನಗೆಪಾಟಲು ಮಾಡುತ್ತಿದ್ದ. ಆ ಪೆಟ್ಟಿಗೆಯಲ್ಲಿ ಕೇಳಿದರೆ ಕೆಳಗಿನ ಸ್ವರಗಳು ಹಿಟ್ಟು ಹುದುಗಿದ ಹಾಗೆ ಉಬ್ಬುತ್ತಿದ್ದವು. ಸುಮ್ಮನೆ ಕೂತು ಕೇಳುವವನಿಗೆ ಬಹಳ ಸುಖ. ಹಾಡನ್ನು ಹದ ಮಾಡಲು ಕೂತವನಿಗೆ ಮೋಸ. ಎಲ್ಲ ದನಿಯೂ ದಪ್ಪ ಎನಿಸುತ್ತದೆ, ಕತ್ತರಿಸುತ್ತಾನೆ. ಇಲ್ಲದ ಬೊಜ್ಜನ್ನು ಕತ್ತರಿಸಲು ಹೋಗಿ ಮೂಳೆಯನ್ನು ಕತ್ತರಿಸುತ್ತಾನೆ. ಬಸ್ಸಿನಲ್ಲಿ ಹಾಡುವ ಆ ಒಬ್ಬಳು ಹುಟ್ಟಿದ್ದು ಹಾಗೆ.

ನನ್ನ ದೊಡ್ಡಮ್ಮನ ದನಿ ದಪ್ಪ.

ದೊಡ್ಡಮ್ಮ ಎಂದರೆ ನನ್ನ ತಾಯಿಯ ಅಕ್ಕ. ಬುಕ್ಕಾಂಬುಧಿಯಲ್ಲಿದ್ದಾಳೆ. ಮದುವೆಗೆ ಸೋಬಾನೆ, ಸಾವಿನ ಮನೆಗೆ ತತ್ವಪದ, ಎರಡಕ್ಕೂ ಅವಳನ್ನೇ ಕರೆಯುತ್ತಿದ್ದರು. ನೀರು ತುಂಬಿದ ಹಂಡೆಯನ್ನು ಅಂಗೈಯಲ್ಲಿ ತಟ್ಟಿದ ಹಾಗೆ ಅವಳ ದನಿ. ಅವಳು ಹಾಡುತ್ತಿದ್ದರೆ ಪಕ್ಕದಲ್ಲಿ ಮಲಗಿದವರಿಗೆ ಮಂಚದ ಪಟ್ಟಿಯಲ್ಲಿ ಅದು ಗೊತ್ತಾಗುತ್ತಿತ್ತು. ಹುಡುಗಿಯಾಗಿದ್ದಾಗ ಗಂಡುದನಿ ಎಂದು ಆಡಿಕೊಂಡಿದ್ದರಂತೆ. ನೋಡಲು ಬಂದವರ ಮುಂದೆ ಮಾತಾಡಬೇಡ ಎಂದು ಅವಳ ಅಪ್ಪನೇ ಹೇಳಿದ್ದನಂತೆ. ಇದನ್ನು ಅವಳೇ ನಗುತ್ತ ಹೇಳಿದ್ದಳು. ನಗುತ್ತ ಹೇಳಿದ್ದಳು ಎನ್ನುವುದು ಮಾತ್ರ ನನಗೆ ಖಾತರಿ.

ಗಂಟಲಲ್ಲಿ ಗೆಡ್ಡೆಯಾಯಿತು. ಶಿವಮೊಗ್ಗದ ಡಾಕ್ಟರು ದನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು. ಆಮೇಲೆ ಮಾತಿಲ್ಲ, ಕತ್ತಿನಲ್ಲಿ ಮಾಡಿದ ರಂಧ್ರದಿಂದ ಉಸಿರಾಟ. ಆಪರೇಷನ್ನಿಗೆ ಮೊದಲು ಅವಳ ಪದಗಳನ್ನು ಹಿಡಿದಿಡಬೇಕೆಂದು ಊರಿನ ಭಜನಾ ಮಂಡಳಿಯವರು ತೀರ್ಮಾನಿಸಿದರು. ರೆಕಾರ್ಡ್ ಮಾಡುವ ಕೆಲಸ ನನಗೆ ಬಂತು. ನಾನು ಮದುವೆ ವಿಡಿಯೋಗಳಿಗೆ ಹಾಡು ಕೂರಿಸಿ, ಸದ್ದು ಸರಿಮಾಡಿ ಬದುಕುವವನು. ಕಿಟಕಿಗೆ ಕಂಬಳಿ ಕಟ್ಟಿ, ಫ್ಯಾನು ನಿಲ್ಲಿಸಿ, ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಅವಳನ್ನು ಕೂರಿಸಿದೆ. ನೋವಿತ್ತು. ಸಾಲು ಸಾಲಿಗೂ ನಿಂತು ಉಸಿರು ಎಳೆದುಕೊಳ್ಳುತ್ತಿದ್ದಳು. 'ಬಂತೇನೋ? ಬರ್ನಿಲ್ಲ ಅಂದ್ರೆ ಹೇಳು, ಇನ್ನೊಂದ್ಸಲ ಅಂತೀನಿ' ಎನ್ನುತ್ತಿದ್ದಳು.

ಅವಳು ಆಸ್ಪತ್ರೆಯಲ್ಲಿದ್ದಾಗ ನಾನು ಮಿಕ್ಸಿಂಗ್, ಎಂದರೆ ಆ ಪದಗಳನ್ನು ಹದ ಮಾಡುವ ಕೆಲಸ, ಮಾಡಬೇಕಿತ್ತು. ಶಿವಮೊಗ್ಗದ ವಾರ್ಡು, ಕಡೂರಿನ ರೈಲು, ತರೀಕೆರೆಯ ಗೆಳೆಯನ ಮೊಬೈಲ್ ಅಂಗಡಿ, ಎಲ್ಲಿ ಕೂತರೆ ಅಲ್ಲಿ. ಕೈಯಲ್ಲಿ ಒಯ್ಯುವ ಆಂಪ್ ಬೇಕೇಬೇಕಿತ್ತು. ಆ ಗೆಳೆಯ ಒಂದನ್ನು ತರಿಸಿಕೊಟ್ಟ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು, ಕಪ್ಪಗೆ. ಹಿಡಿಸದಿದ್ದರೆ ವಾಪಸು ಕಳಿಸಬಹುದಿತ್ತು. ಅವನ ಅಂಗಡಿಯಲ್ಲೇ ಕೂತು ಪರೀಕ್ಷೆ ಮಾಡಿದೆ. ಏನನ್ನೂ ನುಡಿಸದೆ ಗುಂಡಿಯನ್ನು ಪೂರ್ತಿ ತಿರುಗಿಸಿದೆ, ಸುಯ್ ಎನ್ನಲಿಲ್ಲ. ಸದ್ದು ತೀರ ಕಡಿಮೆ ಇಟ್ಟಾಗ ಒಂದು ಕಿವಿಗೆ ಹೆಚ್ಚು ಒಂದು ಕಿವಿಗೆ ಕಡಿಮೆ ಆಗುತ್ತದೆಯೇ ನೋಡಿದೆ, ಆಗಲಿಲ್ಲ. ಲ್ಯಾಪ್‌ಟಾಪನ್ನು ಚಾರ್ಜಿಗೆ ಹಾಕಿದರೆ ಗುಂಯ್ ಎನ್ನುತ್ತದೆಯೇ ನೋಡಿದೆ. ಸ್ವಲ್ಪ ಅಂದಿತು, ವೈರು ಕಿತ್ತರೆ ನಿಂತಿತು. ಹೆಡ್‌ಫೋನು ಬದಲಾಯಿಸಿದರೂ ದೊಡ್ಡಮ್ಮ ದೊಡ್ಡಮ್ಮನಾಗಿಯೇ ಇದ್ದಳು. ಅದು ಚೆಂದ ಮಾಡುತ್ತಿರಲಿಲ್ಲ. ಇದ್ದದ್ದನ್ನು ಇದ್ದಷ್ಟೇ ಕೊಡುತ್ತಿತ್ತು.

ಹಾಗಿದ್ದೂ ಕಡೂರಿಗೆ ಹೋಗಿ ಆತನಿಗೆ ತೋರಿಸಿದೆ. ಯಾಕೆ ಹೋದೆ ಎನ್ನುವುದಕ್ಕೆ ಬೇರೆ ಬೇರೆ ದಿನ ಬೇರೆ ಬೇರೆ ಕಾರಣ ಹೇಳಿದ್ದೇನೆ. ಈ ಮೂರು ಊರಿನಲ್ಲಿ ಆತನಿಗೆ ತೋರಿಸದೆ ಯಾರೂ ಏನನ್ನೂ ಕೊಳ್ಳುತ್ತಿರಲಿಲ್ಲ, ಅಷ್ಟೇ.

ಆತ ನನ್ನ ಕಪ್ಪು ಆಂಪಿಗೆ ಹೆಡ್‌ಫೋನ್ ಸಿಕ್ಕಿಸಿ ದೊಡ್ಡಮ್ಮನ ಒಂದು ಪದ ಕೇಳಿದ. ನನ್ನ ಮುಖ ನೋಡುತ್ತಲೇ ಕೇಳಿದ.

'ಇದ್ರಲ್ಲಿ ಏನೂ ಇಲ್ವಲ್ಲೋ ಅಜ್ಜಂಪುರ. ಉಪ್ಪಿಲ್ದಿರೋ ಸಾರು.'

'ಮಿಕ್ಸಿಂಗಿಗೆ ಅಂತ ತಗೊಂಡಿದ್ದು ಮೇಷ್ಟ್ರೇ. ಇರೋದು ಇದ್ದಂಗೆ ಕೇಳ್ಬೇಕು.'

'ಕೇಳೋಕೊಂದು ಕಿವಿ, ಮಿಕ್ಸಿಂಗಿಗೊಂದು ಕಿವಿ ಮಡಗಿದೀಯೇನೋ? ಎರಡು ಜೊತೆ ತಂದಿದೀಯ ಮನೆಯಿಂದ?'

ಅಲ್ಲಿದ್ದವರು ನಕ್ಕರು. ಆತ ತನ್ನ ತಗಡಿನ ಪೆಟ್ಟಿಗೆಗೆ ಬದಲಾಯಿಸಿ ಹೆಡ್‌ಫೋನನ್ನು ನನ್ನ ತಲೆಗೆ ತಾನೇ ಹಾಕಿದ. ನಿಜ ಹೇಳಬೇಕು: ಚೆನ್ನಾಗಿತ್ತು. ದೊಡ್ಡಮ್ಮ ಬಂದು ನನ್ನ ಬೆನ್ನಿಗೆ ಬೆನ್ನು ಕೊಟ್ಟು ಕೂತ ಹಾಗಿತ್ತು. ಬರೀ ಕೇಳುವುದಕ್ಕಾದರೆ ಆ ಪೆಟ್ಟಿಗೆಯನ್ನೇ ಆರಿಸುತ್ತಿದ್ದೆ. ಅದನ್ನು ಹೇಳುವಷ್ಟರಲ್ಲಿ ಆತ ಕಂಪ್ಯೂಟರಿನಲ್ಲಿ ಅವಳ ದನಿಯ ಕೆಳಭಾಗವನ್ನು ಇಳಿಸತೊಡಗಿದ.

'ನೋಡು, ಎಷ್ಟ್ ಕೆಸರಿತ್ತು. ಈಗ ತಿಳಿ ಆಯ್ತು.'

ಆ ಪೆಟ್ಟಿಗೆಯಲ್ಲಿ ಆಗಲೂ ಚೆನ್ನಾಗಿಯೇ ಕೇಳುತ್ತಿತ್ತು. ನಾನು ವೈರನ್ನು ಕಿತ್ತು ಕಪ್ಪು ಆಂಪಿಗೆ ಹಾಕಿದೆ. ಯಾರೋ ಹುಡುಗಿ ಹಾಡುತ್ತಿದ್ದಳು.

'ಇದು ನಮ್ ದೊಡ್ಡಮ್ಮ ಅಲ್ಲ ಮೇಷ್ಟ್ರೇ. ಬೇರೆಯವ್ರ ಥರ ಆದ್ಳು.'

'ಯಾರ್ ಥರ?'

'ಎಲ್ಲಾರ ಥರ.'

'ಎಲ್ಲಾರ ಥರ ಆದ್ರೆ ಒಳ್ಳೇದಲ್ವೇನೋ? ಬಸ್ಸಲ್ಲಿ ಕೇಳ್ತಾರೆ, ಮದ್ವೆ ಮನೆ ಹಾರ್ನಲ್ಲಿ ಕೇಳ್ತಾರೆ. ಹಾರ್ನಲ್ಲಿ ದಪ್ಪ ದನಿ ಬರೋದೇ ಇಲ್ಲ ಕಣೋ. ಬಾಯಿ ಬಿಡ್ತಾಳೆ, ಸದ್ದಿಲ್ಲ ಅಂತಾರೆ. ಅದ್ ಬೇಕಾ?'

ಹಾರ್ನಿನ ವಿಷಯ ಸುಳ್ಳಲ್ಲ. ಮರಕ್ಕೆ ಕಟ್ಟುವ ಆ ಲೌಡ್‌ಸ್ಪೀಕರಿನ ತಗಡಿನ ಬಾಯಿಯಲ್ಲಿ ದಪ್ಪ ದನಿ ಸಾಯುತ್ತದೆ. ಆತನ ಕಿವಿ ಬೆಳೆದದ್ದೇ ಅದರ ಕೆಳಗೆ. ಹಾರ್ನಿಗೆ ಹೊಂದದ ಗಂಟಲು ಇರಲೇಬಾರದು ಎಂದು ಆತನಿಗೆ ಅನ್ನಿಸಿತ್ತು. ನಾನು ಕಪ್ಪು ಆಂಪನ್ನು ಜೇಬಿಗೆ ಹಾಕಿಕೊಂಡು ಎದ್ದೆ.

'ಹೋಗಪ್ಪಾ. ಕಿವಿ ಬಂದ್ಮೇಲೆ ಬಾ' ಎಂದ.

ನಾನು ಮಿಕ್ಸಿಂಗ್ ಮುಗಿಸಿ ಮಂಡಳಿಯ ರತ್ನಕ್ಕನಿಗೆ ಕೊಟ್ಟೆ. ಮಂಡಳಿಗೆ ಅವಳೇ ಯಜಮಾನಿ. ಕೆಲವು ದಿನಗಳ ನಂತರ ಅವಳು ಫೋನು ಮಾಡಿ, 'ಮೇಷ್ಟ್ರು ಒಂದ್ಸಲ ಕಿವಿ ಕೊಟ್ರೆ ಸಮಾಧಾನ ಅಂತ ಕಡೂರಿಗೆ ಕಳ್ಸಿದ್ವಿ ಕಣಪ್ಪಾ. ಅವ್ರು ಎಲ್ಲಾ ಸರಿ ಮಾಡ್ಕೊಟ್ರು. ಏನ್ ಇಂಪಾಗೈತೆ ಅಂತೀಯ' ಎಂದಳು. ಕಪಟವಿಲ್ಲದ ಹೆಂಗಸು. ಸಂತೋಷದಿಂದಲೇ ಹೇಳಿದಳು.

ಆತನ ಕೈಯಿಂದ ಬಂದದ್ದನ್ನು ಕೇಳಿದೆ. ದೊಡ್ಡಮ್ಮನ ಎದೆ ಇರಲಿಲ್ಲ. ಒಂದೇ ಒಂದು ಉಸಿರು ಇರಲಿಲ್ಲ. ಕಡೂರಿಗೆ ಹೋಗಿ ಜಗಳ ತೆಗೆದೆ.

'ಅದು ಅವಳು ಬಾಯಿಂದ ತಗೊಂಡ ಕೊನೇ ಉಸಿರು ಕಣ್ರೀ. ನಿಮ್ಗೆ ಕೊಳೆ.'

ಆತ ನನ್ನ ಕಡೆ ತಿರುಗಲಿಲ್ಲ. ಯಾವುದೋ ಮೈಕಿನ ತಿರುಪು ಬಿಗಿ ಮಾಡುತ್ತಿದ್ದ. 'ಹಾಡಿಗಿಂತ ಉಸಿರೇ ಜಾಸ್ತಿ ಇತ್ತು. ಕಾಯ್ಲೆಯವ್ಳ ಹಾಡು ಅಂತ ಯಾಕೋ ಜನ ಕೇಳ್ಬೇಕು? ಹಾಡೋಳು ಅಂತ ಕೇಳ್ಲಿ' ಎಂದ. ಹೀಗೆಂದ ಎಂದು ಅಲ್ಲಿದ್ದವರು ಆಮೇಲೆ ಹೇಳಿದರು. ನನಗೆ ಕೇಳಿಸಿದ್ದು ಬರೀ ಹಾಡಿಗಿಂತ ಉಸಿರೇ ಜಾಸ್ತಿ ಎನ್ನುವಷ್ಟು. ಮಿಕ್ಕಿದ್ದನ್ನು ಆತ ಹೇಳಿದ್ದನೋ, ಹೇಳಿದ್ದರೆ ಚೆನ್ನಾಗಿರುತ್ತಿತ್ತು ಎಂದು ಅವರು ಅಂದುಕೊಂಡರೋ. ಹೇಳಿದ್ದರೂ ಆತನನ್ನು ಕ್ಷಮಿಸಲು ಅದು ಸಾಲದು. ಕಾಯಿಲೆಯ ದನಿಯೊಳಗೆ ಕಾಯಿಲೆ ಮಾತ್ರ ಇರುತ್ತದೆ ಎಂದು ತಿಳಿದವನ ಮಾತು ಅದು.

ಎರಡು ಮಿಕ್ಸಿಂಗ್ ಇತ್ತು. ಯಾವುದನ್ನು ಹಂಚುವುದು? ಊರು ಅವಳನ್ನು ಇನ್ನು ಮೇಲೆ ನೆನಪಿಟ್ಟುಕೊಳ್ಳುವುದು ಆ ಒಂದರಲ್ಲೇ. ರತ್ನಕ್ಕನೇ ದಾರಿ ಹೇಳಿದಳು: 'ಅವ್ರನ್ನೇ ಕೇಳಾನ. ಅವ್ರ ದನಿ ತಾನೆ.'

ದೊಡ್ಡಮ್ಮ ಆಸ್ಪತ್ರೆಯಿಂದ ಬಂದಿದ್ದಳು. ಕತ್ತಿಗೆ ತೆಳುವಾದ ಬಿಳಿ ಬಟ್ಟೆ. ಉಸಿರಾಡಿದಾಗ ಅದು ಸ್ವಲ್ಪ ಆಡುತ್ತಿತ್ತು. ಹೆಡ್‌ಫೋನನ್ನು ಕಪ್ಪು ಆಂಪಿಗೆ ಸಿಕ್ಕಿಸಿ ಅವಳಿಗೆ ಹಾಕಿದೆ. ಯಾವುದು ಯಾರದು ಎಂದು ಹೇಳಲಿಲ್ಲ. ಮೊದಲು ನನ್ನದು. ಅವಳ ಮುಖ ಬಿಗಿಯಿತು. ನಡುವೆಯೇ ಕೈ ಎತ್ತಿ ನಿಲ್ಲಿಸಿದಳು. ಆಮೇಲೆ ಆತನದು. ಅದನ್ನು ಕೊನೆಯವರೆಗೆ ಕೇಳಿದಳು. ಮುಗಿದ ಮೇಲೆ ಮತ್ತೆ ಮೊದಲನೆಯದನ್ನು ಹಾಕು ಎಂದು ಸನ್ನೆ ಮಾಡಿದಳು. ಈ ಸಲ ನಿಲ್ಲಿಸಲಿಲ್ಲ. ಸಾಲುಗಳ ನಡುವೆ, ರೆಕಾರ್ಡಿನಲ್ಲಿ ಅವಳು ಉಸಿರು ಎಳೆದುಕೊಂಡಾಗ, ಕತ್ತಿನ ಬಟ್ಟೆಯೂ ಆಡಿತು ಎಂದು ಬರೆಯುವ ಆಸೆ ಇದೆ. ನಾನು ಅದನ್ನು ನೋಡಲಿಲ್ಲ. ಲ್ಯಾಪ್‌ಟಾಪಿನ ಪರದೆ ನೋಡುತ್ತಿದ್ದೆ.

'ಯಾವ್ದು ದೊಡ್ಡಮ್ಮ?' ಎಂದೆ.

ಅವಳು ಎರಡನೆಯದು ಎಂದು ಎರಡು ಬೆರಳು ತೋರಿಸಿ, ಅವನ್ನೇ ಬಾಗಿಲಿನ ಕಡೆಗೆ, ಬೀದಿಗೆ ಚಾಚಿದಳು. ಅದು ಊರಿಗೆ. ಆಮೇಲೆ ಆಂಪನ್ನೂ ಹೆಡ್‌ಫೋನನ್ನೂ ತನ್ನ ಮಡಿಲಿಗೆ ಎಳೆದುಕೊಂಡಳು. ಮೊದಲನೆಯದು ಇಲ್ಲಿಗೆ.

'ಯಾಕೆ ದೊಡ್ಡಮ್ಮ? ಊರೋರೂ ಕೇಳ್ಲಿ ಬಿಡು.'

ತಲೆ ಅಲ್ಲಾಡಿಸಿದಳು. ಇಲ್ಲದ ಮೀಸೆ ತಿರುವುವ ಹಾಗೆ ಮೂಗಿನ ಕೆಳಗೆ ಬೆರಳಾಡಿಸಿ, ಬಾಯಿ ಮುಚ್ಚಿಕೊಂಡು ನಕ್ಕ ಹಾಗೆ ಮಾಡಿದಳು. ಗಂಡುದನಿ ಎಂದು ನಗುತ್ತಾರೆ.

ರತ್ನಕ್ಕ, 'ಯಾರೂ ನಗಲ್ಲ ಕಣಮ್ಮಾ' ಎಂದಳು. ಹೇಳುವಾಗ ಅವಳ ದನಿಯಲ್ಲಿ ಗಟ್ಟಿತನ ಇರಲಿಲ್ಲ. ಊರಿಗೆ ಆತನ ಮಿಕ್ಸಿಂಗ್ ಹೋಯಿತು.

ಇದನ್ನು ಸಮಾಧಾನದ ಕಥೆಯಾಗಿ ಹೇಳುವವರಿದ್ದಾರೆ: ಇಬ್ಬರದೂ ಉಳಿಯಿತಲ್ಲ ಎಂದು. ಉಳಿದದ್ದು ಆತನದು. ಎಲ್ಲ ಹೆಂಗಸರನ್ನೂ ಒಂದೇ ದನಿಗೆ ಇಳಿಸಿ ಇಳಿಸಿ, ತಮ್ಮ ದನಿ ಮುಚ್ಚಿಟ್ಟುಕೊಳ್ಳಬೇಕಾದದ್ದು ಎಂದು ಅವರಿಗೇ ಅನ್ನಿಸುವ ಹಾಗೆ ಮಾಡಿದ. ದೊಡ್ಡಮ್ಮನ ಅಪ್ಪ ಶುರು ಮಾಡಿದ್ದನ್ನು ಈತ ತಗಡಿನ ಪೆಟ್ಟಿಗೆ ಹಿಡಿದು ಮುಗಿಸಿದ. ದ್ವೇಷದಿಂದ ಮಾಡಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಪ್ರೀತಿಯಿಂದ, ಕೂತು, ಆರಿಸಿ ಆರಿಸಿ ಮಾಡಿದ.

ಆತ ಸತ್ತ ಮೇಲೆ ಕಡೂರಿನ ಕಲ್ಯಾಣ ಮಂಟಪವೊಂದರಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟುಕೊಂಡಿದ್ದರು. ನಾನು ಹೋಗುವವನಲ್ಲ. ದೊಡ್ಡಮ್ಮ ಹೋಗಲೇಬೇಕು ಎಂದು ಸನ್ನೆ ಮಾಡಿ ಸೀರೆ ಬದಲಾಯಿಸಿ ಕೂತಳು, ಕರೆದುಕೊಂಡು ಹೋದೆ. ವೇದಿಕೆಯ ಮೇಲೆ ಆತನ ದೊಡ್ಡ ಫೋಟೋ, ಹಾರ. ಮಾತಾಡಿದವರೆಲ್ಲ ಕಿವಿಯ ಬಗ್ಗೆಯೇ ಮಾತಾಡಿದರು. ಅಂಥ ಕಿವಿ ಇನ್ನು ಹುಟ್ಟುವುದಿಲ್ಲ ಎಂದರು. ಕೊನೆಗೆ ಆತ ಮಾಡಿದ ಹಾಡುಗಳನ್ನು ಹಾಕಿದರು, ಅವುಗಳಲ್ಲಿ ದೊಡ್ಡಮ್ಮನದೂ ಬಂತು. ಜನ ತಲೆದೂಗಿದರು.

ದೊಡ್ಡಮ್ಮನ ಆಚೆ ಬದಿಗೆ ಕೂತಿದ್ದ, ಪರಿಚಯವಿಲ್ಲದ ಹೆಂಗಸೊಬ್ಬಳು ಅವಳ ಕಡೆ ಬಾಗಿದಳು. 'ಎಷ್ಟ್ ಚೆನ್ನಾಗ್ ಹಾಡವ್ಳೆ ನೋಡ್ರಮ್ಮಾ. ಯಾರು ಇವ್ಳು, ನಿಮ್ಗೇನಾರ ಗೊತ್ತಾ?'

ನಾನು ಹೇಳಲು ಬಾಯಿ ತೆರೆದೆ. ದೊಡ್ಡಮ್ಮ ನನ್ನ ಮೊಣಕೈ ಒತ್ತಿ ಹಿಡಿದಳು. ಕತ್ತಿನ ಬಟ್ಟೆ ಸರಿಮಾಡಿಕೊಂಡು, ಇನ್ನೊಂದು ಕೈಯೆತ್ತಿ, ವೇದಿಕೆಯ ಮೇಲಿನ ಫೋಟೋವನ್ನು ತೋರಿಸಿದಳು.